ಬಂಡೆ, ಕಾಡು, ಕೆರೆ ಇರೋ ಕಡೆ ಗಾಲ್ಫ್ ಯಾಕೆ? ನೆಲ ಮಟ್ಟ ಮಾಡಬಾರದಾ?

ಪ್ರಶ್ನೆ: ಕೆನಡಾದಲ್ಲಿರುವ ಮಗ ಗಾಲ್ಫ್ ಮೈದಾನದ ಫೋಟೊ ಕಳಿಸಿದ್ದಾನೆ. ನಮ್ಮ ಅಂತರಗಂಗೆ ಬೆಟ್ಟದ ಥರ ಬರೀ ಬಂಡೆ, ಜೊತೆಗೆ ಕಾಡು, ಕೆರೆ. ಅಷ್ಟು ದುಡ್ಡಿರೋರು ಆಡೋಕೆ ನೆಲ ಮಟ್ಟ ಮಾಡ್ಕೋಬಾರದಾ? (ಕೋಲಾರದ ಓದುಗರೊಬ್ಬರು)

ಉತ್ತರ: ಮಟ್ಟ ಮಾಡಿದರೆ ಆಡಲು ಉಳಿಯುವುದೇನು? ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್‌ನನ್ನು ಕಾಡಲು ಬೌಲರ್ ಇರುತ್ತಾನೆ. ಗಾಲ್ಫ್‌ನಲ್ಲಿ ಆ ಕೆಲಸ ನೆಲದ್ದು.

ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬಗಳಲ್ಲಿ. ಉಳುಮೆಗೆ ಬಾರದ, ಕುರಿ ಮೇಯುವ ಗೋಮಾಳದಂಥ ಜಾಗ. ಅಲ್ಲಿನ ಮರಳುಗುಂಡಿಗಳೇ ಇವತ್ತಿನ ಬಂಕರ್. ಚೆಂಡು ಬೀಳಿಸಬೇಕಾದ 18 ಗುಳಿಯ ಲೆಕ್ಕವೂ ಅಲ್ಲಿಯದೇ: ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಇದ್ದದ್ದು 1764ರಲ್ಲಿ 18 ಆಯಿತು.

ಆಟ ಕೆನಡಾಕ್ಕೆ ಹೋದಾಗ ಮರಳಿನ ಬದಲು ಬಂಡೆ ಸಿಕ್ಕಿತು. ಹಿಮಯುಗದಲ್ಲಿ ಮಂಜುಗಡ್ಡೆಯ ರಾಶಿ ಮೇಲ್ಮಣ್ಣನ್ನು ಕೆರೆದುಕೊಂಡು ಹೋದ ನಾಡು ಅದು. ಕೆರೆದ ತಗ್ಗುಗಳಲ್ಲಿ ನೀರು ನಿಂತು, ಒಂಟಾರಿಯೊ ಪ್ರಾಂತ್ಯವೊಂದರಲ್ಲೇ ಎರಡು ಲಕ್ಷಕ್ಕೂ ಮೀರಿ ಸರೋವರಗಳಿವೆ. ಕೆನಡಾದ ಹಳೇ ಶೈಲಿಯ ಮೈದಾನ ವಿನ್ಯಾಸಕರು ನೆಲದ ಏರಿಳಿತ ನೋಡಿಯೇ ದಾರಿ ಹಾಕಿದರು. ರಾಕಿ ಪರ್ವತಗಳ ನಡುವೆ 1925ರಲ್ಲಿ ತೆರೆದ ಜಾಸ್ಪರ್ ಮೈದಾನದಲ್ಲಿ ಸ್ಟ್ಯಾನ್ಲಿ ಥಾಂಪ್ಸನ್, ದಿಬ್ಬಗಳ ಅಂಚನ್ನು ಹಿನ್ನೆಲೆಯ ಪರ್ವತಗಳ ಅಂಚಿಗೆ ಹೋಲುವಂತೆ ತಿದ್ದಿಸಿದ.

ಹಾಗಾದರೆ ಚೆಂಡು ನೀರಿಗೆ ಬಿದ್ದರೆ? ನೀರಿನ ಸುತ್ತ ಹಳದಿ ಇಲ್ಲವೇ ಕೆಂಪು ಗೂಟ ನೆಟ್ಟಿರುತ್ತಾರೆ. ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚಾಗಿ ಸೇರುವ ದಂಡ ತೆತ್ತು ಹೊರಗಿನಿಂದ ಆಡಬಹುದು. ಧೈರ್ಯವಿದ್ದರೆ ಪ್ಯಾಂಟ್ ಮಡಚಿ ನೀರಿಗಿಳಿದು ಹೊಡೆದರೂ ದಂಡವಿಲ್ಲ.

ಬಂಡೆಯ ನಿಯಮ ಇನ್ನೂ ಮಜವಾಗಿದೆ. ನೆಲದಲ್ಲಿ ಹೂತ ಬಂಡೆಯನ್ನು ಕದಲಿಸುವಂತಿಲ್ಲ. ಬಿಡಿಯಾಗಿ ಕೂತಿದ್ದರೆ ಎಷ್ಟು ದೊಡ್ಡದಾದರೂ ಸರಿಸಬಹುದು. ಅಮೆರಿಕದ 1999ರ ಗಾಲ್ಫ್ ಪಂದ್ಯಾವಳಿ ಫೀನಿಕ್ಸ್ ಓಪನ್‌ನಲ್ಲಿ ಟೈಗರ್ ವುಡ್ಸ್‌ನ ಚೆಂಡಿಗೆ ಅಡ್ಡವಿದ್ದ ದೊಡ್ಡ ಬಂಡೆಯನ್ನು ಪ್ರೇಕ್ಷಕರೇ ಸೇರಿ ಉರುಳಿಸಿದರು. ಅದು ಬಿಡಿ ಕಲ್ಲು ಎಂದೇ ತೀರ್ಪಾಯಿತು! ಒಂದರ ಮೇಲೊಂದು ಕೂತ ಅಂತರಗಂಗೆಯ ಗುಂಡುಗಳ ನಡುವೆ ಆಡಿದ್ದರೆ ರೆಫರಿ ಗತಿ ಏನಾಗುತ್ತಿತ್ತೋ.

ಅಂದಮೇಲೆ ಈ ಆಟಕ್ಕೆ ನಮ್ಮ ನೆಲ ಒಗ್ಗುತ್ತದೆ. ಕೆಜಿಎಫ್‌ನಲ್ಲಿ ಗಣಿಯ ಬ್ರಿಟಿಷ್ ಅಧಿಕಾರಿಗಳು ಆಡಿಯೂ ಇದ್ದರು. ಒಗ್ಗದಿರುವುದು ನೀರು. ಕೆನಡಾದ ಸರೋವರ ಹಿಮ ತೋಡಿದ್ದು; ನಮ್ಮ ಕೆರೆ ಹಿರಿಯರು ಏರಿ ಹಾಕಿ, ಮಳೆ ನೀರು ನಿಲ್ಲಿಸಿ ಕಟ್ಟಿದ್ದು. ವರ್ಷವಿಡೀ ಹರಿಯುವ ನದಿ ಕೋಲಾರ ಜಿಲ್ಲೆಯಲ್ಲಿಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಇಲ್ಲಿನ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಇಂಥ ಕಡೆ ಎಕರೆಗಟ್ಟಲೆ ಹುಲ್ಲಿಗೆ ಬೋರ್‌ವೆಲ್ ನೀರು ಬಿಡುವುದು ನನಗಂತೂ ಒಪ್ಪಿಗೆಯಿಲ್ಲ.

ಮಟ್ಟವಾದ ಮೈದಾನವೇ ಬೇಕೆಂದರೆ ಬೇಸಿಗೆಯಲ್ಲಿ ಒಣಗಿದ ಯಾವುದಾದರೂ ಕೆರೆಯಂಗಳಕ್ಕೆ ಹೋಗಿ ನೋಡಿ. ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿರುತ್ತಾರೆ. ಅಲ್ಲಿ ನೆಲ ಮಟ್ಟ ಮಾಡಿಕೊಟ್ಟಿರುವುದು ಹೂಳು.