ಕಿಂಡಿಯಲ್ಲಿ ಕಣ್ಣಿಟ್ಟವರು: ಸಲಿಂಗ ಪ್ರೇಮ ಮತ್ತು ಪ್ರಯೋಗಾತ್ಮಕ ಸಿನಿಮಾ

ಪ್ರಯೋಗಾತ್ಮಕ ಸಿನಿಮಾ ಸಲಿಂಗ ಪ್ರೇಮವನ್ನು ಹೇಗೆ ತೋರಿಸಿತು ಎಂಬ ಪ್ರಶ್ನೆ ಬಂದ ಕೂಡಲೇ ನಾವೆಲ್ಲ ಬರೆಯುವುದು ಒಂದೇ ಸಾಲು: 'ಈ ನಿರ್ದೇಶಕರು ಸಂಪ್ರದಾಯ ಮುರಿದರು.' ಸರಿ, ಯಾವ ಸಂಪ್ರದಾಯ? ಯಾಕೆ ಮುರಿದರು? ಅದನ್ನು ಹೇಳದಿದ್ದರೆ ಉತ್ತರ ಟೊಳ್ಳು.

ಹಾಲಿವುಡ್‌ನಲ್ಲಿ 1934ರಿಂದ ಹೇಸ್ ಕೋಡ್, ಅಂದರೆ ಸಿನಿಮಾದಲ್ಲಿ ಏನು ತೋರಿಸಬಹುದು, ಏನು ತೋರಿಸಬಾರದು ಅನ್ನುವ ನಿಯಮಾವಳಿ, ಬಿಗಿಯಾಗಿ ಜಾರಿಗೆ ಬಂತು. ಅದರ ಲೆಕ್ಕದಲ್ಲಿ ಸಲಿಂಗಕಾಮ ಒಂದು ವಿಕೃತಿ. ತೋರಿಸುವುದು ಹಾಗಿರಲಿ, ಸುಳಿವು ಕೂಡ ಕೊಡುವಂತಿರಲಿಲ್ಲ. ಹಾಗಾಗಿ ಇಂಥ ಕಥೆ ಇದ್ದವರು ಸ್ಟುಡಿಯೋದ ಹೊರಗೇ ಸಿನಿಮಾ ಮಾಡಿದರು. ಹೊರಗೆ ದುಡ್ಡಿಲ್ಲ ನಿಜ, ಆದರೆ ಕಥೆ ಹೀಗೇ ಇರಬೇಕು ಅಂತ ಹೇಳುವವರೂ ಇಲ್ಲ.

ಮೊದಲು ಜ್ಯಾಂ ಜೆನೆ. ಫ್ರೆಂಚ್ ಲೇಖಕ, ತೆಗೆದಿದ್ದು ಒಂದೇ ಸಿನಿಮಾ: 1950ರ 'ಅನ್ ಶಾಂ ದಾಮೂರ್', ಅಂದರೆ ಪ್ರೇಮಗೀತೆ. ಹೆಸರು ಗೀತೆ, ಆದರೆ ಸಿನಿಮಾ ಮೂಕಿ. ಸುಮಾರು 26 ನಿಮಿಷ. ಜೈಲಿನ ಅಕ್ಕಪಕ್ಕದ ಕೋಣೆಗಳಲ್ಲಿ ಇಬ್ಬರು ಕೈದಿಗಳು. ನಡುವಿನ ಗೋಡೆಯಲ್ಲಿ ಸಣ್ಣದೊಂದು ತೂತು. ಒಬ್ಬ ಅದರೊಳಗೆ ಹುಲ್ಲುಕಡ್ಡಿ ತೂರಿಸಿ ಸಿಗರೇಟಿನ ಹೊಗೆ ಊದುತ್ತಾನೆ. ಆ ಕಡೆಯವನು ಬಾಯಿ ತೆರೆದು ಒಳಗೆಳೆದುಕೊಳ್ಳುತ್ತಾನೆ. ಗೋಡೆ ದಾಟುವುದು ಉಸಿರು ಮಾತ್ರ.

ಇಷ್ಟನ್ನೇ ಬರೆದು ನಿಲ್ಲಿಸಬೇಡಿ. ಕಾವಲುಗಾರನನ್ನು ನೋಡಿ. ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು ನಿಂತಿರುತ್ತಾನೆ. ಅವನಿಗೆ ಹುಟ್ಟುವುದು ಸಿಟ್ಟೋ ಆಸೆಯೋ? ಕೈದಿಯನ್ನು ಹೊಡೆಯುವಾಗಲೂ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ. ಅವನ ಹಿಂದೆ ನಿಂತು ಇಣುಕುತ್ತಿರುವವರು ನಾವೇ, ಅಲ್ವಾ? ಕತ್ತಲಲ್ಲಿ ಕೂತು ಯಾರ ಕಣ್ಣಿಗೂ ಬೀಳದೆ ನೋಡುವ ಸುಖ ಪ್ರೇಕ್ಷಕನ ಹಕ್ಕು ಅಂದುಕೊಂಡಿದ್ದೆವು. ಜೆನೆ ಮುರಿದದ್ದು ಅದನ್ನು. ಬೆತ್ತಲೆ ಮೈ ತೋರಿಸಿದ್ದು ನನಗೆ ಅಷ್ಟು ದೊಡ್ಡದು ಅನ್ನಿಸುವುದಿಲ್ಲ.

ಅಮೆರಿಕದ ನಿರ್ದೇಶಕ ಕೆನೆತ್ ಆಂಗರ್ ಅವರ ದಾರಿ ಬೇರೆ. 1963ರ 'ಸ್ಕಾರ್ಪಿಯೋ ರೈಸಿಂಗ್'ನಲ್ಲಿ ಸಂಭಾಷಣೆ ಇಲ್ಲ. ಇರುವುದು 13 ಪಾಪ್ ಹಾಡುಗಳು. 'ಬ್ಲೂ ವೆಲ್ವೆಟ್' ಹಾಡು ಮಖಮಲ್ಲು ಉಟ್ಟ ಹುಡುಗಿಯನ್ನು ವರ್ಣಿಸುತ್ತಿರುತ್ತದೆ. ಪರದೆ ಮೇಲೆ ಬೈಕ್ ಹುಡುಗ ಜೀನ್ಸ್ ಜಿಪ್ ಎಳೆಯುತ್ತಿರುತ್ತಾನೆ. ಹಾಡಿನ ಒಂದಕ್ಷರವೂ ಬದಲಾಗಿಲ್ಲ, ಅರ್ಥ ಮಾತ್ರ ಉಲ್ಟಾ. ರೇಡಿಯೋದಲ್ಲಿ ಎಲ್ಲರೂ ಕೇಳುತ್ತಿದ್ದ ಹಾಡನ್ನೇ ತನ್ನದು ಮಾಡಿಕೊಂಡ ಜಾಣತನ ಇದು.

ಇವರನ್ನೆಲ್ಲ ಯಾರೂ ತಡೆಯದೆ ಸುಮ್ನೆ ಬಿಟ್ಟರು ಅಂದುಕೊಳ್ಳಬೇಡಿ. ಅಮೆರಿಕದ ಇನ್ನೊಬ್ಬ ನಿರ್ದೇಶಕ ಜ್ಯಾಕ್ ಸ್ಮಿತ್ ಅವರ 'ಫ್ಲೇಮಿಂಗ್ ಕ್ರಿಯೇಚರ್ಸ್' ಸಿನಿಮಾದ ರೀಲನ್ನು ನ್ಯೂಯಾರ್ಕ್ ಪೊಲೀಸರು 1964ರಲ್ಲಿ ಹೊತ್ತೊಯ್ದರು. ಅದನ್ನು ತೋರಿಸಿದ ತಪ್ಪಿಗೆ ಸಿನಿಮಾ ವಿಮರ್ಶಕ, ನಿರ್ದೇಶಕ ಜೊನಾಸ್ ಮೇಕಸ್ ಬಂಧನಕ್ಕೊಳಗಾದರು.

ಕೊನೆಗೆ ಬ್ರಿಟನ್ನಿನ ಡೆರೆಕ್ ಜಾರ್ಮನ್, 'ಬ್ಲೂ', 1993. ಏಡ್ಸ್‌ನಿಂದ ಅವರ ಕಣ್ಣು ಮಂಜಾಗುತ್ತಿತ್ತು. ಒಂದೂಕಾಲು ಗಂಟೆ ಪರದೆ ಮೇಲೆ ಬರೀ ನೀಲಿ. ಮುಖವಿಲ್ಲ, ಶಾಟ್ ಬದಲಾಗುವುದಿಲ್ಲ. ಬಡಕಲು ರೋಗಿಯನ್ನು ತೋರಿಸಿ ಅಯ್ಯೋ ಅನ್ನಿಸುವುದು ಅವರಿಗೆ ಬೇಕಿರಲಿಲ್ಲ. ಜೆನೆಯ ಕಾವಲುಗಾರ ಇಲ್ಲಿಗೆ ಬಂದರೆ ಇಣುಕಲು ಏನೂ ಸಿಗದು. ಕಿವಿ ಕೊಡಬೇಕು ಅಷ್ಟೇ: ಆಸ್ಪತ್ರೆಯಲ್ಲಿ ಸರದಿಗೆ ಕಾಯುವುದು, ಔಷಧಿಯ ಅಡ್ಡಪರಿಣಾಮಗಳ ಉದ್ದ ಪಟ್ಟಿ, ನಡುನಡುವೆ ಗೆಳೆಯರ ಹೆಸರು. ಡೇವಿಡ್, ಹೊವಾರ್ಡ್, ಗ್ರಹಾಂ, ಟೆರ್ರಿ, ಪಾಲ್.