ವಿಡಿಯೋ ನೋಡಿದರೆ ಅರ್ಥವಾಗುತ್ತದೆ, ಬರೆಯಲು ಕೂತರೆ ಕೈ ಓಡುವುದಿಲ್ಲ: ಜಾವಾಸ್ಕ್ರಿಪ್ಟ್ ಕಲಿಯುವವರ ಪ್ರಶ್ನೆ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಡಿಗ್ರಿ ಮುಗಿಸಿ, ಮನೆಯಲ್ಲಿ ತೋಟ ನೋಡಿಕೊಂಡು ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿದ್ದೇನೆ. ಎಚ್‌ಟಿಎಂಎಲ್, ಸಿಎಸ್‌ಎಸ್ ಬರುತ್ತದೆ. ಜಾವಾಸ್ಕ್ರಿಪ್ಟ್ ವಿಡಿಯೋ ನೋಡುವಾಗ ಎಲ್ಲ ಅರ್ಥ ಆಗುತ್ತದೆ, ನಾನೇ ಬರೆಯೋಕೆ ಕೂತರೆ ಮೊದಲ ಸಾಲೇ ಹೊಳೆಯಲ್ಲ. ಮಳೆಗಾಲದಲ್ಲಿ ನೆಟ್ ಬೇರೆ ಇರಲ್ಲ. ಇದನ್ನ ಇಲ್ಲಿಗೇ ಬಿಟ್ಟು ನೇರವಾಗಿ ರಿಯಾಕ್ಟ್ ಕಲಿಯಲಾ?

ಉತ್ತರ: ಈಗಲೇ ರಿಯಾಕ್ಟ್‌ಗೆ ಹೋಗಬೇಡಿ. ರಿಯಾಕ್ಟ್ ಒಳ್ಳೆಯದೇ. ಆದರೆ ಅದು ಜಾವಾಸ್ಕ್ರಿಪ್ಟ್‌ನಲ್ಲೇ ಬರೆದ ಒಂದು ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, 2013ರಲ್ಲಿ ಫೇಸ್‌ಬುಕ್ ಹೊರಗೆ ಬಿಟ್ಟದ್ದು. ಮೊದಲ ಸಾಲು ಹೊಳೆಯದೆ ನಿಂತವರಿಗೆ ಅಲ್ಲಿ ಇನ್ನಷ್ಟು ಹೊಸ ಪದ ಸೇರಿಕೊಳ್ಳುತ್ತವೆ, ತೊಡಕು ಹಾಗೇ ಉಳಿಯುತ್ತದೆ. ನಿಮಗೆ ಈಗ ಬೇಕಿರುವುದು ಒಂದೇ ಒಂದು ಸಣ್ಣ ಪುಟ. ಅದನ್ನು ಮನೆಯಲ್ಲಿ ಯಾರಾದರೂ ನಿಜವಾಗಿ ಬಳಸಬೇಕು. ಅದು ತೋರಿಸುವ ಲೆಕ್ಕ ತಪ್ಪಿದ್ದರೆ ನಿಮಗೆ ನೋಡಿದ ಕೂಡಲೇ ಗೊತ್ತಾಗಬೇಕು.

ನೆಟ್ ಇಲ್ಲದಿರುವುದು ದೊಡ್ಡ ಅಡ್ಡಿ ಅಲ್ಲ. ಜಾವಾಸ್ಕ್ರಿಪ್ಟ್ ಓಡುವುದಕ್ಕೆ ಇಂಟರ್ನೆಟ್ ಬೇಕಿಲ್ಲ. ಅದನ್ನು ಓಡಿಸುವ ಎಂಜಿನ್ ಬ್ರೌಸರ್ ಒಳಗೇ ಇದೆ. ಕ್ರೋಮ್‌ನಲ್ಲಿ ಅದರ ಹೆಸರು ವಿ8, ಫೈರ್‌ಫಾಕ್ಸ್‌ನಲ್ಲಿ ಸ್ಪೈಡರ್‌ಮಂಕಿ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನು ಹತ್ತು ದಿನದಲ್ಲಿ ಮಾಡಿದ್ದೇ ಬ್ರೌಸರ್ ಒಳಗೆ ಓಡಲಿ ಅಂತ. ಒಂದು ಎಚ್‌ಟಿಎಂಎಲ್ ಫೈಲ್ ಬರೆದು ಸೇವ್ ಮಾಡಿ, ಡಬಲ್ ಕ್ಲಿಕ್ ಮಾಡಿದರೆ ಆಯಿತು. ಎಫ್12 ಒತ್ತಿದರೆ ಕನ್ಸೋಲ್ ತೆರೆಯುತ್ತದೆ, ಅಲ್ಲಿ ಒಂದೊಂದೇ ಸಾಲು ಬರೆದು ನೋಡಬಹುದು. ಹಳೆಯ ಲ್ಯಾಪ್‌ಟಾಪ್ ಸಾಕು. ಕರೆಂಟ್ ಮತ್ತು ನೆಟ್ ಎರಡೂ ಇರುವ ದಿನ ಡೆವ್‌ಡಾಕ್ಸ್ ಎಂಬ ತಾಣಕ್ಕೆ ಹೋಗಿ ಜಾವಾಸ್ಕ್ರಿಪ್ಟ್ ದಾಖಲೆಗಳನ್ನೂ ಡಾಮ್ (ಪುಟದ ಭಾಗಗಳನ್ನು ಕೋಡ್‌ನಿಂದ ಹಿಡಿಯುವ ವ್ಯವಸ್ಥೆ, ಅಲ್ಲಿ ‘ವೆಬ್ ಎಪಿಐ’ ಹೆಸರಿನಲ್ಲಿದೆ) ದಾಖಲೆಗಳನ್ನೂ ಆಫ್‌ಲೈನ್‌ಗೆ ಇಳಿಸಿಕೊಂಡುಬಿಡಿ. ಆಮೇಲೆ ವಾರಗಟ್ಟಲೆ ಮಳೆ ಹಿಡಿದರೂ ಕಲಿಕೆ ನಿಲ್ಲುವುದಿಲ್ಲ.

ಇನ್ನು ಕೈ ಓಡದಿರುವ ವಿಷಯ. ವಿಡಿಯೋದಲ್ಲಿ ಮುಂದಿನ ಸಾಲು ಯಾವುದು ಅಂತ ಬೇರೆಯವರು ಆಗಲೇ ತೀರ್ಮಾನ ಮಾಡಿರುತ್ತಾರೆ. ಆ ತೀರ್ಮಾನ ಮಾಡುವುದೇ ನಿಜವಾದ ಕೆಲಸ, ನಿಮಗೆ ಅದರ ಅಭ್ಯಾಸ ಆಗಿಲ್ಲ ಅಷ್ಟೇ. ಕ್ಯಾಲ್ಕುಲೇಟರ್, ಟು-ಡೂ ಲಿಸ್ಟ್ ಇಂಥವನ್ನು ನೋಡಿಕೊಂಡು ಮಾಡಿದರೆ ಆ ಅಭ್ಯಾಸ ಬರುವುದಿಲ್ಲ. ಅವು ನಿಮಗೆ ಬೇಕಾಗಿದ್ದವಲ್ಲ, ಅಲ್ವಾ?

ನನ್ನ ಸಲಹೆ: ಮಳೆ ಲೆಕ್ಕದ ಪುಟ ಮಾಡಿ. ಮಲೆನಾಡಿನಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆದಿಡುವ ಮನೆಗಳು ಎಷ್ಟೋ ಇವೆ. ಪುಟದಲ್ಲಿ ಮೂರೇ ಇರಲಿ: ದಿನಾಂಕದ ಪೆಟ್ಟಿಗೆ, ಎಷ್ಟು ಮಿಲಿಮೀಟರ್ ಅಂತ ಬರೆಯುವ ಪೆಟ್ಟಿಗೆ, ‘ಸೇರಿಸು’ ಎಂಬ ಬಟನ್. ಕೆಳಗೆ ಪಟ್ಟಿ, ಪಟ್ಟಿಯ ಕೊನೆಗೆ ಒಟ್ಟು ಮಳೆ.

ಬಟನ್ ಒತ್ತಿದಾಗ ಏನಾಗಬೇಕು ಅಂತ ಮೊದಲು ಕನ್ನಡದಲ್ಲೇ ಕಾಗದದ ಮೇಲೆ ಬರೆಯಿರಿ. ಪೆಟ್ಟಿಗೆಯಲ್ಲಿ ಇರುವುದನ್ನು ಓದು. ಪಟ್ಟಿಗೆ ಸೇರಿಸು. ಪುಟವನ್ನು ಮತ್ತೆ ಬರೆ. ನೀವು ಹುಡುಕುತ್ತಿದ್ದ ಮೊದಲ ಸಾಲು ಇದೇ. ಈ ಮೂರಕ್ಕೂ ಜಾವಾಸ್ಕ್ರಿಪ್ಟ್‌ನಲ್ಲಿ ಹೇಗೆ ಹೇಳುವುದು ಅಂತ ಹುಡುಕುವುದು ಆಮೇಲಿನ ಮಾತು. ಕ್ವೆರಿ ಸೆಲೆಕ್ಟರ್‌ನಿಂದ ಪೆಟ್ಟಿಗೆಯನ್ನು ಹಿಡಿಯುತ್ತೀರಿ, ಆಡ್ ಇವೆಂಟ್ ಲಿಸನರ್‌ನಿಂದ ಬಟನ್‌ಗೆ ಕಿವಿ ಕೊಡುತ್ತೀರಿ, ಒಂದು ಅರೇಯಲ್ಲಿ, ಅಂದರೆ ಕೋಡ್ ಒಳಗಿನ ಪಟ್ಟಿಯಲ್ಲಿ, ಮಳೆಯನ್ನು ಕೂಡಿಡುತ್ತೀರಿ.

ಬರೆದು ಒತ್ತಿದ ಕೂಡಲೇ ಪುಟ ಒಮ್ಮೆ ಮಿನುಗಿ ಎಲ್ಲ ಖಾಲಿ ಆಗಬಹುದು. ಕಾರಣ ಸರಳ. ಫಾರ್ಮ್ ಒಳಗಿರುವ ಬಟನ್‌ಗೆ ಬೇರೆ ಏನೂ ಹೇಳದಿದ್ದರೆ ಅದು ಸಬ್ಮಿಟ್ ಬಟನ್. ಒತ್ತಿದರೆ ಬ್ರೌಸರ್ ಫಾರ್ಮ್ ಅನ್ನು ಕಳಿಸಿ ಪುಟವನ್ನು ಹೊಸದಾಗಿ ತೆರೆಯುತ್ತದೆ, ನಿಮ್ಮ ಅರೇ ಅಲ್ಲಿಗೆ ಮಾಯ. ಸಬ್ಮಿಟ್ ಆಗುವಾಗ ಪ್ರಿವೆಂಟ್ ಡಿಫಾಲ್ಟ್ ಕರೆದರೆ ಇದು ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಕೋಡ್ ಇಡೀ ತಪ್ಪು ಅಂದುಕೊಂಡು ಕೈಬಿಡುತ್ತಾರೆ.

ಅದು ಸರಿಯಾದ ಮೇಲೆ ಒಟ್ಟು ಮಳೆ ನೋಡಿ. ಮೊದಲ ದಿನ 12, ಎರಡನೇ ದಿನ 30 ಮಿ.ಮೀ. ಹಾಕಿದ್ದೀರಿ ಅನ್ನಿ. ಮೊದಲನೆಯದಕ್ಕೆ ಎರಡನೆಯದನ್ನು ಕೂಡಿಸಿದರೆ 42 ಬರುವ ಬದಲು 1230 ಬರುತ್ತದೆ. ಆಗುಂಬೆಯ ವರ್ಷದ ಸರಾಸರಿಯೇ 7,000 ಮಿ.ಮೀ. ದಾಟುವ ಲೆಕ್ಕದಲ್ಲಿರುವಾಗ, ಎರಡು ದಿನದ ಸಾಧಾರಣ ಮಳೆಗೆ ಇಷ್ಟು ಬರಲ್ಲ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿರುವ ವಿಷಯವನ್ನೇ ಹಿಡಿಯಿರಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಪೆಟ್ಟಿಗೆಯಿಂದ ಓದಿದ್ದು ಯಾವಾಗಲೂ ಪಠ್ಯ, ಅಂದರೆ ಸ್ಟ್ರಿಂಗ್. ಪೆಟ್ಟಿಗೆಯ ಬಗೆ ನಂಬರ್ ಅಂತ ಕೊಟ್ಟಿದ್ದರೂ ವ್ಯಾಲ್ಯೂ ಸ್ಟ್ರಿಂಗ್ ಆಗಿಯೇ ಬರುತ್ತದೆ. ಎರಡು ಸ್ಟ್ರಿಂಗ್ ನಡುವೆ + ಹಾಕಿದರೆ ಅವು ಪಕ್ಕಪಕ್ಕ ಅಂಟಿಕೊಳ್ಳುತ್ತವೆ. ನಂಬರ್ ಎಂಬ ಫಂಕ್ಷನ್ ಒಳಗೆ ಹಾಕಿ ಸಂಖ್ಯೆ ಮಾಡಿಕೊಂಡು ಆಮೇಲೆ ಕೂಡಿಸಿ.

ಇಲ್ಲೇ ಇನ್ನೂ ಒಂದು ಇದೆ, ಇದು ಜಾಸ್ತಿ ಅಪಾಯದ್ದು. ಖಾಲಿ ಪೆಟ್ಟಿಗೆಯನ್ನು ನಂಬರ್ ಫಂಕ್ಷನ್‌ಗೆ ಕೊಟ್ಟರೆ ಅದು ಸೊನ್ನೆ ಕೊಡುತ್ತದೆ, ತಪ್ಪು ಅನ್ನುವುದಿಲ್ಲ. ಮಳೆ ಲೆಕ್ಕದಲ್ಲಿ ‘ಮಳೆ ಬರಲಿಲ್ಲ’ ಮತ್ತು ‘ಅಳೆಯಲಿಲ್ಲ’ ಎರಡೂ ಬೇರೆ ಬೇರೆ. ಯಾವುದೋ ಮದುವೆಗೆ ಹೋಗಿ ಆ ದಿನ ಅಳೆಯದೆ ಇದ್ದರೆ ನಿಮ್ಮ ಪುಟ ಅದನ್ನು ಒಣ ದಿನ ಅಂತ ಬರೆದುಕೊಳ್ಳುತ್ತದೆ. ಆದ್ದರಿಂದ ಸಂಖ್ಯೆ ಮಾಡುವ ಮೊದಲೇ ಪೆಟ್ಟಿಗೆ ಖಾಲಿಯೇ ಅಂತ ನೋಡಬೇಕು. ಸಾಮಾನ್ಯ ಪಠ್ಯದ ಪೆಟ್ಟಿಗೆಯಲ್ಲಿ ಯಾರಾದರೂ ಕನ್ನಡ ಅಂಕಿಯಲ್ಲಿ ೧೨ ಅಂತ ಬರೆದರೆ ಇನ್ನೊಂದು ಬಗೆ. ನಂಬರ್ ಫಂಕ್ಷನ್‌ಗೆ ಕನ್ನಡ ಅಂಕಿ ತಿಳಿಯುವುದಿಲ್ಲ, ‘ಸಂಖ್ಯೆಯೇ ಅಲ್ಲ’ ಎಂಬ ಅರ್ಥದ ನ್ಯಾನ್ ಬರುತ್ತದೆ. ಹತ್ತು ಕನ್ನಡ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸುವ ಸಣ್ಣ ಫಂಕ್ಷನ್ ನೀವೇ ಬರೆಯಿರಿ, ಒಳ್ಳೆಯ ಅಭ್ಯಾಸ.

ದಶಮಾಂಶ ಹಾಕುವವರಿಗೆ ಒಂದು ಮಾತು: 0.1ಕ್ಕೆ 0.2 ಕೂಡಿಸಿದರೆ ಕನ್ಸೋಲ್ 0.30000000000000004 ಅನ್ನುತ್ತದೆ. ಕಂಪ್ಯೂಟರ್ ಇವನ್ನು ಎರಡರ ಆಧಾರದಲ್ಲಿ ಇಟ್ಟುಕೊಳ್ಳುವುದರಿಂದ ಹೀಗೆ. ತೋರಿಸುವಾಗ, ಬೇಕಾದಷ್ಟೇ ದಶಮಾಂಶ ಸ್ಥಾನ ಉಳಿಸುವ ಟು ಫಿಕ್ಸ್‌ಡ್ ಬಳಸಿ.

ಈಗ ಮನೆಯ ಹಿರಿಯರು ‘ಇದು ಇಂಚಿನಲ್ಲಿ ಎಷ್ಟು?’ ಅಂತ ಕೇಳುತ್ತಾರೆ. ಒಂದು ಇಂಚು ಅಂದರೆ 25.4 ಮಿ.ಮೀ. ಇಂಚು ತೋರಿಸಲು ಇನ್ನೊಂದು ಬಟನ್ ಹಾಕುವಾಗ ನಿಮಗೆ ಒಂದು ಆಯ್ಕೆ ಇದೆ. ಪಟ್ಟಿಯಲ್ಲಿರುವ ಸಂಖ್ಯೆಗಳನ್ನೇ ಇಂಚಿಗೆ ಬದಲಿಸುವುದು ಒಂದು. ಅರೇಯಲ್ಲಿ ಯಾವತ್ತೂ ಮಿಲಿಮೀಟರ್ ಮಾತ್ರ ಇಟ್ಟು, ಪುಟಕ್ಕೆ ಬರೆಯುವಾಗ ಮಾತ್ರ ಭಾಗಿಸಿ ತೋರಿಸುವುದು ಇನ್ನೊಂದು. ಎರಡನೆಯದನ್ನೇ ಮಾಡಿ. ಮೊದಲ ದಾರಿಯಲ್ಲಿ ಹೋದರೆ ಎರಡು ಸಲ ಬಟನ್ ಒತ್ತಿದ ಮೇಲೆ ಪಟ್ಟಿಯಲ್ಲಿರುವುದು ಇಂಚೋ ಮಿಲಿಮೀಟರೋ ನಿಮಗೇ ತಿಳಿಯುವುದಿಲ್ಲ. ಮಾಹಿತಿ ಒಂದು ಕಡೆ ಇರಲಿ. ಪುಟವನ್ನು ಅದರಿಂದ ಪ್ರತಿ ಸಲ ಹೊಸದಾಗಿ ಬರೆಯುವ ಫಂಕ್ಷನ್ ಒಂದೇ ಇರಲಿ. ಏನೇ ಬದಲಾದರೂ ಮಾಹಿತಿಯನ್ನು ತಿದ್ದಿ ಆ ಫಂಕ್ಷನ್ ಕರೆಯಿರಿ. ರಿಯಾಕ್ಟ್‌ನ ತಿರುಳೂ ಇದೇ. ಅಲ್ಲಿ ಮಾಹಿತಿಯನ್ನು ಸ್ಟೇಟ್ ಅನ್ನುತ್ತಾರೆ, ಪುಟ ಬರೆಯುವುದಕ್ಕೆ ರೆಂಡರ್ ಅನ್ನುತ್ತಾರೆ, ಮತ್ತೆ ಬರೆಯುವ ಕೆಲಸವನ್ನು ಲೈಬ್ರರಿ ನೋಡಿಕೊಳ್ಳುತ್ತದೆ. ಕೈಯಾರೆ ಇದನ್ನು ಬರೆದವರಿಗೆ ರಿಯಾಕ್ಟ್ ಬೇಗ ಹತ್ತುತ್ತದೆ.

ಬ್ರೌಸರ್ ಮುಚ್ಚಿ ತೆರೆದರೂ ಲೆಕ್ಕ ಉಳಿಯಬೇಕಾದರೆ ಲೋಕಲ್ ಸ್ಟೋರೇಜ್ ಇದೆ. ಸುಮಾರು 5 ಎಂಬಿ ಜಾಗ, ಮಳೆ ಲೆಕ್ಕಕ್ಕೆ ಧಾರಾಳ. ಅದರಲ್ಲಿ ಸ್ಟ್ರಿಂಗ್ ಮಾತ್ರ ಇಡಬಹುದು. ಹಾಗಾಗಿ ಇಡುವಾಗ ಅರೇಯನ್ನು ಸ್ಟ್ರಿಂಗ್ ಮಾಡಲು ಜೇಸನ್ ಸ್ಟ್ರಿಂಗಿಫೈ, ತೆಗೆಯುವಾಗ ಮತ್ತೆ ಅರೇ ಮಾಡಲು ಜೇಸನ್ ಪಾರ್ಸ್. ಬ್ರೌಸರ್ ಡೇಟಾ ಅಳಿಸಿದರೆ ಇದೂ ಹೋಗುತ್ತದೆ, ಡೈರಿ ಬರೆಯುವುದನ್ನು ಮನೆಯವರು ನಿಲ್ಲಿಸುವುದು ಬೇಡ.

ಇಲ್ಲಿಗೆ ಬಂದಿದ್ದೀರಿ ಅಂದರೆ ನಕ್ಷತ್ರದ ಲೆಕ್ಕ ಹಿಡಿಯಿರಿ. ನಮ್ಮಲ್ಲಿ ‘ಜೂನ್‌ನಲ್ಲಿ ಎಷ್ಟು ಮಳೆ’ ಅನ್ನುವುದಕ್ಕಿಂತ ‘ಆರಿದ್ರಾ ಹೇಗೆ ಹೊಯ್ತು, ಪುನರ್ವಸು ಕೈಕೊಟ್ಟಿತಾ’ ಅಂತ ಕೇಳುವವರೇ ಜಾಸ್ತಿ. ಪಂಚಾಂಗ ನೋಡಿ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಶುರುವಾಗುವ ದಿನಗಳನ್ನು ಇನ್ನೊಂದು ಅರೇಯಲ್ಲಿ ಹಾಕಿ. ಪ್ರತಿ ದಿನದ ಮಳೆ ಯಾವುದಕ್ಕೆ ಸೇರುತ್ತದೆ ಅಂತ ಕಂಡುಹಿಡಿದು ಒಂದೊಂದರ ಒಟ್ಟು ತೋರಿಸಿ. ದಿನಾಂಕದ ಪೆಟ್ಟಿಗೆ ನಿಮಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ ಸ್ಟ್ರಿಂಗ್ ಕೊಡುತ್ತದೆ, 2025-06-21 ಎಂಬಂತೆ. ಈ ರೂಪದಲ್ಲಿರುವ ದಿನಾಂಕಗಳನ್ನು ಸುಮ್ನೆ ಸ್ಟ್ರಿಂಗ್‌ಗಳಂತೆ ಹೋಲಿಸಿದರೂ ಹಿಂದುಮುಂದು ಸರಿಯಾಗಿ ತಿಳಿಯುತ್ತದೆ. ಡೇಟ್ ಆಬ್ಜೆಕ್ಟ್‌ಗೆ ತಿಂಗಳನ್ನು ಸಂಖ್ಯೆಯಾಗಿ ಕೊಡುವುದಾದರೆ ಜೋಕೆ. ಅಲ್ಲಿ ಜನವರಿ 0, ಜೂನ್ 5. ಅರೇಯಿಂದ ಬೇಕಾದ್ದನ್ನು ಆರಿಸುವ ಫಿಲ್ಟರ್, ಪ್ರತಿಯೊಂದನ್ನೂ ಬದಲಿಸುವ ಮ್ಯಾಪ್, ಎಲ್ಲವನ್ನೂ ಒಂದಕ್ಕೆ ಇಳಿಸುವ ರೆಡ್ಯೂಸ್ ಮೂರೂ ಇದೊಂದೇ ಕೆಲಸದಲ್ಲಿ ಬಳಕೆಗೆ ಬರುತ್ತವೆ. ಈ ಪುಟವನ್ನು ಇಂಟರ್‌ವ್ಯೂನಲ್ಲಿ ತೋರಿಸಿದರೆ ಕೇಳುವವರಿಗೂ ಮಾತಾಡಲು ಏನಾದರೂ ಸಿಗುತ್ತದೆ.

ಕನ್ಸೋಲ್‌ನಲ್ಲಿ ಕೆಂಪು ಸಾಲು ಬಂದರೆ ಹೆದರಬೇಡಿ, ಪೂರ್ತಿ ಓದಿ. ಬಲಗಡೆ ಫೈಲಿನ ಹೆಸರು, ಸಾಲಿನ ಸಂಖ್ಯೆ ಇರುತ್ತದೆ. ‘ಕೆನಾಟ್ ರೀಡ್ ಪ್ರಾಪರ್ಟೀಸ್ ಆಫ್ ನಲ್’ ಅಂತ ಬಂದರೆ ಸಾಮಾನ್ಯವಾಗಿ ನೀವು ಹುಡುಕಿದ ಪೆಟ್ಟಿಗೆ ಸಿಕ್ಕಿಲ್ಲ ಅಂತ ಅರ್ಥ. ಒಂದೋ ಐಡಿ ತಪ್ಪು ಬರೆದಿದ್ದೀರಿ, ಇಲ್ಲವೇ ಪುಟ ತಯಾರಾಗುವ ಮೊದಲೇ ಸ್ಕ್ರಿಪ್ಟ್ ಓಡಿದೆ. ಸ್ಕ್ರಿಪ್ಟ್ ಬೇರೆ ಫೈಲಿನಲ್ಲಿದ್ದರೆ ಅದರ ಟ್ಯಾಗ್‌ಗೆ ಡಿಫರ್ (ಪುಟ ತಯಾರಾಗುವ ತನಕ ಕಾಯಿ ಅನ್ನುವ ಸೂಚನೆ) ಸೇರಿಸಿದರೆ ಎರಡನೆಯದು ಸರಿಹೋಗುತ್ತದೆ. ಚಾಟ್‌ಜಿಪಿಟಿಯಂಥವನ್ನು ಕೇಳುವುದಾದರೆ ಆ ಕೆಂಪು ಸಾಲಿನ ಅರ್ಥ ಕೇಳಿ. ಪುಟವನ್ನೇ ಬರೆದುಕೊಡು ಅನ್ನಬೇಡಿ. ಬರೆದುಕೊಟ್ಟದ್ದನ್ನು ಓದಿದರೆ ವಿಡಿಯೋ ನೋಡಿದ ಹಾಗೇ ಆಗುತ್ತದೆ, ಅರ್ಥ ಆಯಿತು ಅನ್ನಿಸುತ್ತದೆ, ಕೈಗೆ ಬರುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿದ ಮಳೆ ಅಪ್ಪನ ಫೋನಿನಲ್ಲೂ ಕಾಣಬೇಕು ಅನ್ನಿಸಿದ ದಿನ ಸರ್ವರ್ ಬೇಕಾಗುತ್ತದೆ. ಆಗ ಸರ್ವರ್‌ನಿಂದ ಮಾಹಿತಿ ತರಿಸುವ ಫೆಚ್, ಅದು ಬರುವ ತನಕ ಕಾಯುವ ಅಸಿಂಕ್, ಅವೇಟ್ ಕಲಿಯಿರಿ, ಜೊತೆಗೆ ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್. ನೋಡ್ 2009ರಲ್ಲಿ ಬಂದ ಮೇಲೆ ಸರ್ವರ್ ಕೆಲಸಕ್ಕೂ ಇದೇ ಭಾಷೆ ನಡೆಯುತ್ತದೆ. ಸಿಗ್ನಲ್ ಇಲ್ಲದ ತೋಟದಲ್ಲೂ ಫೋನಿನಲ್ಲಿ ಪುಟ ತೆರೆಯಬೇಕಾದರೆ, ಪುಟದ ಪ್ರತಿಯನ್ನು ಬ್ರೌಸರ್‌ನಲ್ಲೇ ಇಟ್ಟು ಕೊಡಬಲ್ಲ ಸರ್ವಿಸ್ ವರ್ಕರ್ ಎಂಬ ಸ್ಕ್ರಿಪ್ಟ್ ಇದೆ. ಅದು ಎಚ್‌ಟಿಟಿಪಿಎಸ್ ಇರುವ ತಾಣದಲ್ಲಿ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಡಬಲ್ ಕ್ಲಿಕ್ ಮಾಡಿ ತೆರೆದ ಫೈಲಿನಲ್ಲಿ ಅಲ್ಲ. ರಿಯಾಕ್ಟ್ ಯಾವಾಗ ಅಂತ ಕೇಳಿದ್ದಿರಿ. ಪಟ್ಟಿ, ಒಟ್ಟು, ನಕ್ಷತ್ರ, ಇಂಚು, ಹಳೆಯ ವರ್ಷದ ಹೋಲಿಕೆ ಎಲ್ಲ ಸೇರಿ, ಪುಟದ ಯಾವ ಭಾಗವನ್ನು ಯಾವಾಗ ಮತ್ತೆ ಬರೆಯಬೇಕು ಅಂತ ನೆನಪಿಡುವುದೇ ಕಷ್ಟ ಆದಾಗ ಶುರು ಮಾಡಿ. ಇದೇ ಮಳೆ ಪುಟವನ್ನು ಅದರಲ್ಲಿ ಮತ್ತೆ ಕಟ್ಟಿ.