ಬಣ್ಣ ಗಿಡದ್ದೋ, ಬಿಸಿಲಿನದ್ದೋ?

ಹೋದ ವರ್ಷ ಜೂನ್‌ನಲ್ಲಿ ಹುಬ್ಬಳ್ಳಿಯಿಂದ ಒಬ್ಬ ಅಕ್ಕ ಧಾರವಾಡದ ನಮ್ಮ ನರ್ಸರಿಗೆ ಬಂದರು. ಕೈಯಲ್ಲಿ ಕ್ಯಾರಿಬ್ಯಾಗ್, ಅದರೊಳಗೆ ಒಂದು ಹೂಜಿ ಗಿಡ.

"ಇದನ್ನ ಕೆಂಪಂದು ಅಂತ ಹೇಳಿ ಕೊಟ್ಟಾರ್ರಿ. ತಂದಾಗ ಕೆಂಪಗs ಇತ್ತು. ಈಗ ಬರೇ ಹಸರ ಗಡಿಗಿ ಬಿಡಾಕತ್ತೇತಿ. ಮೋಸ ಮಾಡ್ಯಾರೇನ್ರಿ?"

"ಎಲ್ಲಿಟ್ಟಿದ್ರಿ ಅಕ್ಕಾರ?"

"ಹಾಲ್‌ನ್ಯಾಗ್ರಿ. ಟಿವಿ ಬಾಜೂಕ."

ಮೋಸ ಆಗಿದೆಯೋ ಇಲ್ಲವೋ ಅಂತ ಅವತ್ತು ನಾನು ಹೇಳಲಿಲ್ಲ. ಹೇಳೋಕೆ ಬರುವಂತಿರಲಿಲ್ಲ. ಗಿಡ ಇಲ್ಲೇ ಬಿಟ್ಟು ಹೋಗಿ, ನವರಾತ್ರಿ ಹೊತ್ತಿಗೆ ಬನ್ನಿ ಅಂದೆ.

ಹೂಜಿ ಗಿಡ ಅಂದರೆ ಎಲೆಯ ತುದಿಯಲ್ಲಿ ಹೂಜಿ ಕಟ್ಟಿ, ಅದರೊಳಗೆ ಬಿದ್ದ ಹುಳ ಅರಗಿಸಿಕೊಳ್ಳುವ ಗಿಡ. ಅಕ್ಕ ತಂದದ್ದು ನೆಪೆಂಥಿಸ್ ಆಂಪುಲ್ಲೇರಿಯಾ ಅನ್ನುವ ಜಾತಿ. ಮಲೇಶಿಯಾ, ಸುಮಾತ್ರಾ, ಬೋರ್ನಿಯೋ, ನ್ಯೂಗಿನಿಯ ತಗ್ಗು ಕಾಡುಗಳದ್ದು. ಬೇರೆ ಜಾತಿಗಳ ಹೂಜಿ ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ಇದರದ್ದು ಕುಳ್ಳಗೆ, ಗುಂಡಗೆ, ಮೊಸರು ಗಡಿಗೆಯ ಮರಿಯ ಹಾಗೆ. ಮಲಯ ಭಾಷೆಯಲ್ಲಿ ಹೂಜಿ ಗಿಡಗಳಿಗೆ 'ಪೆರಿಯುಕ್ ಕೆರಾ' ಅಂತಾರೆ, ಅಂದರೆ ಮಂಗನ ಗಡಿಗೆ. ಅಲ್ಲಿ ಈ ಹೂಜಿಗಳೊಳಗೆ ಅಕ್ಕಿ, ತೆಂಗಿನ ಹಾಲು ತುಂಬಿ ಬೇಯಿಸಿ ತಿನ್ನುವುದೂ ಉಂಟು. ನಾನಂತೂ ಮಾಡಿಲ್ಲ. ಒಂದೊಂದು ಹೂಜಿಗೆ ತಿಂಗಳುಗಟ್ಟಲೆ ಕಾದವನಿಗೆ ಅದನ್ನು ಒಲೆ ಮೇಲಿಡಲು ಮನಸ್ಸು ಬರೋದಿಲ್ಲ.

ಇದರ ಮುಚ್ಚಳವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬೇರೆ ಹೂಜಿಗಳಲ್ಲಿ ಮುಚ್ಚಳ ಸಾಮಾನ್ಯವಾಗಿ ಬಾಯಿಯ ಮೇಲೆ ಕೊಡೆಯಂತೆ ನಿಂತಿರುತ್ತದೆ. ಇದರದ್ದು ಸಣ್ಣ ನಾಲಿಗೆಯಷ್ಟೇ ಇದ್ದು, ಪೂರ್ತಿ ಹಿಂದಕ್ಕೆ ಮಡಚಿಕೊಂಡಿರುತ್ತದೆ. ಬಾಯಿ ಆಕಾಶಕ್ಕೆ ತೆರೆದೇ ಇರುತ್ತದೆ. ಇರುವೆ ಹಿಡಿಯುವುದಕ್ಕಿಂತ ಮೇಲಿನ ಮರದಿಂದ ಉದುರುವ ಕಸಕ್ಕೆ ಕೈಯೊಡ್ಡಿ ಕೂತ ಗಿಡ ಇದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕದಲ್ಲಿ, ಇದರ ಎಲೆಯಲ್ಲಿರುವ ಸಾರಜನಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಉದುರೆಲೆಯಿಂದಲೇ ಬಂದಿತ್ತು. ನಮ್ಮ ನರ್ಸರಿಯಲ್ಲಿ ಇವು ಹುಣಸೆ ಮರದ ಪಕ್ಕ ಇವೆ. ಗಾಳಿ ಬಂದಾಗ ಹುಣಸೆಯ ಸಣ್ಣ ಎಲೆಗಳು ಹೂಜಿಯೊಳಗೆ ಬೀಳುತ್ತವೆ, ವಾರದೊಳಗೆ ಕಪ್ಪಾಗಿ ತಳ ಸೇರುತ್ತವೆ. ಬೇರೆ ಗೊಬ್ಬರ ನಾನು ಹಾಕೋದಿಲ್ಲ.

ಈಗ ಬಣ್ಣದ ಮಾತು. ಈ ಒಂದೇ ಜಾತಿಯಲ್ಲಿ ಪೂರ್ತಿ ಹಸಿರಿನದು ಇದೆ. ಹಸಿರು ಮೈ, ಕೆಂಪು ತುಟಿಯದು ಇದೆ. ಕೆಂಪು ಚುಕ್ಕಿಯದು ಇದೆ. ಮೈಯೆಲ್ಲ ಕೆಂಪಾದದ್ದೂ ಇದೆ, ಅದರಲ್ಲಿ 'ಕ್ಯಾಂಟ್ಲೀಸ್ ರೆಡ್' ಹೆಸರುವಾಸಿ. ಹಿಂದೆ ಚುಕ್ಕಿಗೊಂದು, ಪಟ್ಟೆಗೊಂದು ಲ್ಯಾಟಿನ್ ಹೆಸರು ಕೊಟ್ಟಿದ್ದರು. ಈಗ ಅವನ್ನೆಲ್ಲ ಒಂದೇ ಜಾತಿಯ ಬಣ್ಣಗಳು ಅಂತಲೇ ನೋಡುವುದು ಜಾಸ್ತಿ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಥರದ ಮೆಣಸಿನಕಾಯಿ ಬರುತ್ತವಲ್ಲ, ಹಾಗೆ. ಅಲ್ಲಿ ವ್ಯಾಪಾರಿ ಕಾಯಿಯ ಆಕಾರ, ಸುಕ್ಕು ನೋಡಿ ಹೇಳಿಬಿಡುತ್ತಾನೆ. ಇಲ್ಲಿ ಬರೀ ಬಣ್ಣ ನೋಡಿ ಹೇಳಲು ಹೋದರೆ ಬಿಸಿಲು ನಮ್ಮನ್ನು ಮೂರ್ಖರನ್ನಾಗಿ ಮಾಡುತ್ತದೆ.

ಕೃಷಿ ವಿಶ್ವವಿದ್ಯಾಲಯದವರು ಜೋಳದ ತಳಿ ಹೋಲಿಸುವಾಗ ಒಂದನ್ನು ನವಲಗುಂದದ ಎರಿಯಲ್ಲಿ (ಕಪ್ಪು ಮಣ್ಣಿನಲ್ಲಿ), ಇನ್ನೊಂದನ್ನು ಕಲಘಟಗಿಯ ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಬಿತ್ತಿ ಇಳುವರಿ ತೂಗೋದಿಲ್ಲ. ಒಂದೇ ಹೊಲ, ಪಕ್ಕಪಕ್ಕದ ತಾಕು, ಒಂದೇ ದಿನದ ಬಿತ್ತನೆ. ಕುಂಡಕ್ಕೂ ಅದೇ ನ್ಯಾಯ ಅಲ್ವಾ? ಆದರೆ ಹೂಜಿ ಗಿಡದವರು ಒಬ್ಬರ ಟೆರೇಸಿನ ಫೋಟೋ, ಇನ್ನೊಬ್ಬರ ಬಾತ್‌ರೂಮ್ ಕಿಟಕಿಯ ಫೋಟೋ ಪಕ್ಕಪಕ್ಕ ಇಟ್ಟು ಇದು ಬೇರೆ, ಅದು ಬೇರೆ ಅಂತ ಜಗಳ ಆಡ್ತಾರೆ.

ನಾನು ಮಾಡಿದ್ದು ಇಷ್ಟು. ಹಸಿರು, ಕೆಂಪು ತುಟಿ, ಚುಕ್ಕಿ, ಪೂರ್ತಿ ಕೆಂಪು, ಹೀಗೆ ನಾಲ್ಕು ಗಿಡಗಳಿಂದ ತಲಾ ನಾಲ್ಕು ತುಂಡು ಕತ್ತರಿಸಿ ಬೇರು ಬರಿಸಿದೆ. ಒಂದೇ ಗಿಡದ ತುಂಡುಗಳಾದ್ದರಿಂದ ಗುಣ ಒಂದೇ. ಎರಡೆರಡನ್ನು ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್ ಶೇಡ್ ನೆಟ್ ಕೆಳಗೆ, ಎರಡೆರಡನ್ನು ಮುಕ್ಕಾಲು ಬಿಸಿಲು ತಡೆಯುವ 75 ಪರ್ಸೆಂಟ್ ನೆಟ್ ಕೆಳಗೆ ಇಟ್ಟೆ. ಕುಂಡ ಒಂದೇ ಅಳತೆ, ನೀರು ಒಂದೇ ಡ್ರಮ್ಮಿನದು. ಆರು ತಿಂಗಳಾದ ಮೇಲೆ ಜಾಗ ಅದಲು ಬದಲು ಮಾಡಿದೆ.

ಹಸಿರಿನದು ಎಲ್ಲಿಟ್ಟರೂ ಹಸಿರೇ. ಬಿಸಿಲಲ್ಲಿ ತುಸು ಹಳದಿಗೆ ತಿರುಗಿತು ಅಷ್ಟೆ. ಕೆಂಪು ತುಟಿಯದು ನೆರಳಲ್ಲಿ ತುಟಿ ತಿಳಿಯಾದರೂ ಬಣ್ಣ ಬಿಟ್ಟುಕೊಡಲಿಲ್ಲ. ಪೂರ್ತಿ ಕೆಂಪಿನದು ನೆರಳಲ್ಲಿ ಮಂಕಾಗಿ ಇಟ್ಟಿಗೆ ಬಣ್ಣಕ್ಕೆ ಬಂತು, ಆದರೆ ಹಸಿರಾಗಲಿಲ್ಲ. ಆಟ ಆಡಿಸಿದ್ದು ಚುಕ್ಕಿಯದು. 50ರ ಕೆಳಗೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು, ದೂರದಿಂದ ನೋಡಿದರೆ ಪೂರ್ತಿ ಕೆಂಪು ಅನ್ನಿಸುವಂತೆ ಆಯಿತು. 75ರ ಕೆಳಗೆ ಹೋದದ್ದೇ ಮುಂದಿನ ಹೂಜಿಗಳಲ್ಲಿ ಚುಕ್ಕಿ ಹುಡುಕಬೇಕಾಯಿತು. ಎರಡು ಕುಂಡ ಪಕ್ಕಪಕ್ಕ ಇಟ್ಟರೆ ಒಂದೇ ಗಿಡದ ತುಂಡು ಅಂತ ಯಾರೂ ನಂಬುತ್ತಿರಲಿಲ್ಲ.

ಇನ್ನೊಂದು ವಿಷಯ. ಜಾಗ ಬದಲಿಸಿದ ಮೇಲೆ ಹಳೇ ಹೂಜಿ ನೋಡಿ ತೀರ್ಪು ಕೊಡಬಾರದು. ಅದು ಹಳೇ ಬೆಳಕಿನಲ್ಲಿ ಆದದ್ದು. ಹೊಸ ಜಾಗದಲ್ಲೇ ಮೊಗ್ಗಾಗಿ ಬಾಯಿ ತೆರೆದ ಹೂಜಿ ಮೂರಾದರೂ ಬರಬೇಕು. ಬಾಯಿ ತೆರೆದ ದಿನವೇ ನೋಡಿದರೂ ಆಗದು, ಬಣ್ಣ ಕೂರಲು ಇನ್ನೆರಡು ವಾರ ಬೇಕು. ಸಣ್ಣ ಸಸಿಯ ಹೂಜಿಯನ್ನು ಬಲಿತ ಗಿಡದ ಹೂಜಿಗೆ ಹೋಲಿಸುವುದಂತೂ ಸುಮ್ನೆ ಕೆಲಸ ಕೆಡಿಸಿಕೊಂಡಂತೆ.

ಹೋಲಿಸುವ ಮೊದಲು ಗಿಡ ಬದುಕಬೇಕಲ್ಲ. ನಮ್ಮಲ್ಲಿ ಅದನ್ನು ಕೊಲ್ಲುವುದು ನೀರು. ನಮ್ಮ ಬೋರಿನ ನೀರಿಗೆ, ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅದ್ದಿದರೆ 600 ದಾಟುತ್ತದೆ. ಇವಕ್ಕೆ 50ರ ಒಳಗಿದ್ದರೆ ಒಳ್ಳೆಯದು. ಧಾರವಾಡದ ಜಿಟಿಜಿಟಿ ಮಳೆ ಇರುವಾಗ ಡ್ರಮ್ಮು ತುಂಬಿಟ್ಟರೆ ಅರ್ಧ ವರ್ಷದ ಚಿಂತೆ ಇಲ್ಲ. ಒಂದು ಬೇಸಿಗೆ ಡ್ರಮ್ಮು ಖಾಲಿಯಾಗಿ, ನಾಲ್ಕು ದಿನ ತಾನೇ ಅಂತ ಬೋರ್ ನೀರು ಹಾಕಿದೆ. ನಾಲ್ಕು ದಿನ ಅಂದದ್ದು ತಿಂಗಳಾಯಿತು. ಎಲೆಯ ತುದಿಗಳು ಸುಟ್ಟ ಹಾಗೆ ಕಪ್ಪಾದವು, ಹೊಸ ಎಲೆ ಬಂದರೂ ಅದರ ತುದಿಯಲ್ಲಿ ಹೂಜಿ ಕಟ್ಟಲಿಲ್ಲ. ಈಗ ಮಳೆ ನೀರು ಮುಗಿದರೆ ಆರ್‌ಓ ನೀರೇ. ಆರ್‌ಓ ಹೊರಗೆ ಬಿಡುವ ವೇಸ್ಟ್ ನೀರು ಅಲ್ಲ ಮತ್ತೆ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಮಣ್ಣು ಬೇಡ, ಕೆಂಪೂ ಬೇಡ ಎರಿಯೂ ಬೇಡ. ಐದಾರು ಸಲ ತೊಳೆದ ತೆಂಗಿನ ಸಿಪ್ಪೆಯ ಚೂರು, ಪರ್ಲೈಟ್ (ಹಗುರ ಬಿಳಿ ಕಲ್ಲಿನ ಹರಳು), ಒಂದು ಹಿಡಿ ಇದ್ದಿಲು ಸಾಕು. ಮಾರ್ಚ್‌ನ ಒಣ ಗಾಳಿಗೆ ಸುತ್ತ ಗೋಣಿತಟ್ಟು ಕಟ್ಟಿ ನೆನೆಸುತ್ತೇನೆ. ಜನವರಿಯ ರಾತ್ರಿ ಚಳಿ ಇದಕ್ಕೆ ಆಗದು, ಬೆಳವಣಿಗೆ ನಿಂತೇ ಹೋಗುತ್ತದೆ. ಆಗ ಒಳಗೆ ತಂದಿಟ್ಟು ಎಲ್‌ಇಡಿ ದೀಪ ಹಾಕುತ್ತೇನೆ. ಆ ಎರಡು ತಿಂಗಳ ಹೂಜಿಗಳನ್ನು ಹೋಲಿಕೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೆಂಪು ಗಿಡದ ಬೀಜ ಅಂತ ಪೊಟ್ಟಣದಲ್ಲಿ ಮಾರುವವರಿದ್ದಾರೆ. ನಮ್ಮ ಆಪೂಸ್ ಮಾವಿನ ಗೊರಟೆ ಊರಿದರೆ ಆಪೂಸ್ ಬರುತ್ತದಾ? ಅದಕ್ಕೇ ಕಸಿ ಕಟ್ಟುತ್ತೇವೆ. ನೆಪೆಂಥಿಸ್‌ನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹಾಗಾಗಿ ಪ್ರತಿ ಬೀಜವೂ ಎರಡು ಗಿಡಗಳ ಬೆರಕೆ. ಹೆಸರಿರುವ ಗಿಡ ಬೇಕಿದ್ದರೆ ತುಂಡಿನಿಂದ ಇಲ್ಲವೇ ಟಿಶ್ಯೂ ಕಲ್ಚರ್‌ನಿಂದ ಬಂದದ್ದೇ ಆಗಬೇಕು. ಬೀಜ ಬೇಗ ಕೆಡುತ್ತದೆ ಬೇರೆ. ವರ್ಷ ಹಳೆಯ ಪೊಟ್ಟಣಕ್ಕೆ ದುಡ್ಡು ಕೊಡಬೇಡಿ.

ಇನ್ನು ಕೆಲವು ಸಲ ಕೈಗೆ ಬರುವುದು ಆಂಪುಲ್ಲೇರಿಯಾನೇ ಆಗಿರುವುದಿಲ್ಲ. ರಾಫ್ಲೇಸಿಯಾನಾ ಅನ್ನುವ ಇನ್ನೊಂದು ಹೂಜಿ ಜಾತಿಯ ಜೊತೆ ಬೆರೆತ 'ಹೂಕೇರಿಯಾನಾ' ಆಗಿರುತ್ತದೆ. ಇದು ಕಾಡಿನಲ್ಲೂ ತಾನಾಗಿ ಹುಟ್ಟುವ ಬೆರಕೆ, ಚೆಂದದ ಗಿಡವೇ. ಗುರುತಿಸಲು ಮುಚ್ಚಳ ನೋಡಿ. ಅಗಲವಾಗಿದ್ದು ಬಾಯಿಯ ಮೇಲೆ ಬಾಗಿದ್ದರೆ ಅನುಮಾನ ಪಡಿ. ಹೊರರಾಜ್ಯದ ಒಂದು ನರ್ಸರಿಯಿಂದ 'ಕಪ್ಪು ಆಂಪುಲ್ಲೇರಿಯಾ' ಅಂತ ನಾನೇ ದುಬಾರಿ ರೇಟಿಗೆ ತರಿಸಿದ್ದು ಇದೇ ಆಗಿತ್ತು. ಕಪ್ಪೂ ಅಲ್ಲ, ಆಂಪುಲ್ಲೇರಿಯಾನೂ ಅಲ್ಲ.

ಕುಂಡಕ್ಕೆ ಹೆಸರಿನ ಚೀಟಿ ಬರೆಯಲು ಮಾರ್ಕರ್ ಪೆನ್ ಬಳಸಬೇಡಿ. ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಅಳಿಸಿಹೋಗುತ್ತದೆ. ಹಾಗೆ ಹೆಸರು ಕಳೆದುಕೊಂಡ ಎರಡು ಕುಂಡ ಈಗಲೂ ನನ್ನ ಹತ್ತಿರ ಇವೆ. ಪೆನ್ಸಿಲ್‌ನಲ್ಲಿ ಬರೆದದ್ದು ಉಳಿಯುತ್ತದೆ.

ಅಕ್ಕನ ಗಿಡವನ್ನು 50ರ ನೆಟ್ ಕೆಳಗೆ ಇಟ್ಟಿದ್ದೆ. ಮೊದಲ ಹೂಜಿ ಹಸಿರೇ ಬಂತು, ಅದು ಟಿವಿ ಪಕ್ಕದಲ್ಲೇ ಮೊಗ್ಗಾಗಿದ್ದದ್ದು. ಎರಡನೆಯದರ ತುಟಿಯ ಕೆಳಗೆ ಸೂಜಿಮೊನೆಯಷ್ಟು ಕೆಂಪು. ಮೂರನೆಯದಕ್ಕೆ ಹೊಟ್ಟೆ ತುಂಬ ಚುಕ್ಕಿ. ನವರಾತ್ರಿಗೆ ಬಂದಾಗ ಕುಂಡ ತೋರಿಸಿ, ಇದು ಪೂರ್ತಿ ಕೆಂಪಿನದಲ್ಲ, ಚುಕ್ಕಿಯದು, ಕೊಟ್ಟವರು ಬಿಸಿಲಲ್ಲಿಟ್ಟು ಕೆಂಪು ಮಾಡಿ ಮಾರಿದ್ದಾರೆ ಅಂದೆ.

ಅವರು ಬಗ್ಗಿ ಸ್ವಲ್ಪ ಹೊತ್ತು ನೋಡಿದರು. "ಚುಕ್ಕಿ ಚಲೋ ಕಾಣ್ತಾವ ಬಿಡ್ರಿ," ಅಂದರು. "ಆದ್ರ ಟಿವಿ ಎಲ್ಲಿ ಇಡ್ಲಿ? ಕಿಟಕಿ ಕಡೆ ಅದs ಐತ್ರಿ."